ಪೂವಪ್ಪ ಹಿತ್ತಾಳೆಗೆ ಬಳೆ ತೊಡಿಸಿದ್ದು

ಆ ದಿನದ ತೊಂದರೆಗೆಲ್ಲ ಮೂಲ ‘ಮಾಫಿ ಮುಷ್ಕಿಲ್’ ಎಂಬ ಎರಡು ಮಾತು. ‘ಏನೂ ಕಷ್ಟವಿಲ್ಲ’ ಎಂದು ಅದರ ಅರ್ಥ. ಒಮಾನಿಗೆ ಬಂದಿಳಿದವನು ಮೊದಲು ಕಲಿಯುವ ಅರಬ್ಬಿ ಅದು. ಅದನ್ನು ಎಲ್ಲಿ ಹೇಳಬಾರದು ಎಂದು ಕಲಿಯಲಿಕ್ಕೆ ಮಾತ್ರ ಒಂದು ಆಯುಷ್ಯ ಬೇಕು. ದೇವರ ದಯೆಯಿಂದ ಪೂವಪ್ಪನಿಗೆ ಇನ್ನೂ ಆಯುಷ್ಯ ಬಾಕಿ ಇತ್ತು.

ಸೀಬ್ ದಾಟಿ ಬರ್ಕಾದ ಕಡೆಗೆ ಹೋಗುವಾಗ ಬೋಳುಗುಡ್ಡಗಳ ಬುಡದಲ್ಲಿ ಒಂದು ಶೂಟಿಂಗ್ ಕ್ಲಬ್ಬು. ಪೂವಪ್ಪ ಅಲ್ಲಿಯ ಸ್ಟೋರ್‌ಕೀಪರ್. ಗುರಿಯ ಕಾಗದ, ಕಿವಿ ಮುಚ್ಚುವ ಕಪ್ಪು, ಕೋವಿ ಒರೆಸುವ ಬಟ್ಟೆ ಇವನ್ನು ಕೊಡುವುದು, ವಾಪಸು ತೆಗೆದುಕೊಳ್ಳುವುದು ಅವನ ಕೆಲಸ. ಕೆಲಸ ಹಗುರ, ಹೊತ್ತು ಮಾತ್ರ ಭಾರ. ಬಿಸಿಲಿನ ಊರಿನಲ್ಲಿ ಗುರಿ ಹೊಡೆಯಲು ಜನ ಬರುವುದೇ ಸಂಜೆಗೆ. ಹಾಗಾಗಿ ವಾರದಲ್ಲಿ ಮೂರು ನಾಲ್ಕು ದಿನ ಅವನು ವಾದಿ ಕಬೀರಿನ ಫ್ಲ್ಯಾಟಿಗೆ ಮುಟ್ಟುವಾಗ ಮಗಳು ಯಶ್ಮಿತಾ ನಿದ್ದೆ ಹೋಗಿರುತ್ತಿದ್ದಳು. ಹೆಂಡತಿ ವಾರಿಜಾಕ್ಷಿ ನಿದ್ದೆ ಬಾರದೆ ಕೂತಿರುತ್ತಿದ್ದಳು.

ಈ ವಾರಿಜಾಕ್ಷಿ ಒಂದು ಹರಕೆ ಹೊತ್ತಳು. ‘ದೇವರೇ, ದಿನಾ ದೀಪ ಹಚ್ಚುವ ಹೊತ್ತಿಗೆ ಇವರು ಮನೆಯಲ್ಲಿರುವ ಹಾಗೆ ಮಾಡು. ಹುಣ್ಣಿಮೆಯ ದಿನ ನಿನ್ನ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆ.’ ಅಲ್ ಅಜೈಬಾದ ಭಟ್ಟರು ಒಪ್ಪಿದರು. ಹಗಲು ಆಫೀಸಿನ ಕಂಪ್ಯೂಟರು, ಸಂಜೆ ಶಂಖಜಾಗಟೆ ಎಂದು ಎರಡನ್ನೂ ನಿಭಾಯಿಸುವ ಪುಣ್ಯಾತ್ಮರು ಅವರು. ದಂಪತಿ ಇಬ್ಬರೂ ಮಣೆಯ ಮೇಲೆ ಕೂರಬೇಕು, ಬೆಳಗ್ಗಿನಿಂದ ಉಪವಾಸ ಇರಬೇಕು ಎಂದು ಅಪ್ಪಣೆಯಾಯಿತು.

ಆ ಹುಣ್ಣಿಮೆಯೇ ಇವತ್ತು, ಗುರುವಾರ. ಪೂವಪ್ಪ ಖಾಲಿ ಹೊಟ್ಟೆಯಲ್ಲಿ ಕ್ಲಬ್ಬಿಗೆ ಬಂದಿದ್ದ. ಕೈಯಲ್ಲಿ ಪೂಜೆಯ ಸಾಮಾನಿನ ದೊಡ್ಡ ಚೀಲ. ಬೆಳಿಗ್ಗೆ ಸೀಬ್ ಸೂಕಿನ ಪೇಟೆಯಲ್ಲಿ ತೆಗೆದದ್ದು: ದೀಪಕ್ಕೆ ಎಳ್ಳೆಣ್ಣೆ, ಪ್ರಸಾದಕ್ಕೆ ರವೆ, ಕಲಶ ತಿಕ್ಕಲಿಕ್ಕೆ ಹುಳಿ, ಒಂದು ಸುರುಳಿ ಬಾಳೆಲೆ. ಕಾರಿನಲ್ಲಿ ಬಿಟ್ಟರೆ ಮಧ್ಯಾಹ್ನದೊಳಗೆ ಬಾಳೆಲೆ ಬೆಂದು ಪತ್ರೊಡೆಯಾಗುತ್ತದೆ ಎಂದು ಚೀಲವನ್ನು ಒಳಗೇ ತಂದಿಟ್ಟ.

ಮಧ್ಯಾಹ್ನದ ಮೇಲೆ ರಜೆ ಕೇಳಲು ಕ್ಯಾಪ್ಟನ್ ಹಮೂದರ ಮುಂದೆ ನಿಂತ. ಹಮೂದರು ಫೌಜಿನಿಂದ ನಿವೃತ್ತರಾಗಿ ಈ ಕ್ಲಬ್ಬು ನಡೆಸುವವರು. ಮಾತು ಕಡಿಮೆ, ಮೀಸೆ ಜಾಸ್ತಿ. ಅವರಿಗೆ ಹಿಂದಿ ಬರುತ್ತಿತ್ತು, ‘ಪ’ಕಾರ ಬರುತ್ತಿರಲಿಲ್ಲ.

“ಯಾ ಬೂವಬ್ಬ, ರಜೆ ಕೊಡೋಣ. ಆದರೆ ನನ್ನದೊಂದು ಕಷ್ಟ ಇದೆ. ವರ್ಕ್‌ಶಾಪಿನ ಉಸ್ತಾದ್ ಗುಲ್ಜಾರ್ ತಂಗಿಯ ಮದುವೆಗೆ ಬೇಶಾವರಕ್ಕೆ ಹೋಗಿದ್ದಾನೆ. ತೋಟೆಯ ಹೊಸ ಹಿತ್ತಾಳೆ ಕೇಸುಗಳು ಬಂದು ಬಿದ್ದಿವೆ. ಒಂದು ಪೆಟ್ಟಿಗೆ ತಯಾರು ಮಾಡುವವರು ಯಾರಾದರೂ ಇದ್ದಾರಾ?”

“ನಾನಿಲ್ಲವಾ ಕ್ಯಾಪ್ಟನ್? ಮಾಫಿ ಮುಷ್ಕಿಲ್!”

“ನಿನಗೆ ಬರುತ್ತದಾ?”

“ಹಿತ್ತಾಳೆಯ ಅಂಗಡಿಯಲ್ಲಿ ಬೆಳೆದವನು ನಾನು.”

ಸುಳ್ಳಲ್ಲ. ವಿಟ್ಲದಲ್ಲಿ ಅವನ ಸೋದರಮಾವನ ಅಂಗಡಿ ಇತ್ತು. ಒಂದು ಬದಿಗೆ ಹಿತ್ತಾಳೆ ಪಾತ್ರೆ, ಇನ್ನೊಂದು ಬದಿಗೆ ಗಾಜಿನ ಬಳೆ. ಎರಡೂ ವಿದ್ಯೆ ಕಲಿತೇ ಪೂವಪ್ಪ ವಿಮಾನ ಹತ್ತಿದ್ದು.

“ತಯ್ಯಿಬ್, ಆಗಲಿ. ಇಳಿಹೊತ್ತಿನ ಅಸರ್ ಬಾಂಗು ಆಗುವುದರೊಳಗೆ ಪೆಟ್ಟಿಗೆ ಮುಗಿಸು, ಆಮೇಲೆ ನೀನು ನಿನ್ನ ಪೂಜೆಗೆ. ಮುಗಿಯದಿದ್ದರೆ…” ಹಮೂದರು ಮೀಸೆ ತಿರುವಿದರು. ಅದಕ್ಕೆ ಯಾವ ಭಾಷೆಯ ಅನುವಾದವೂ ಬೇಕಿರಲಿಲ್ಲ.

ವರ್ಕ್‌ಶಾಪಿನ ಬಾಗಿಲು ತೆರೆದರೆ ತಂಪು ಏಸಿ, ಉದ್ದದ ಮೇಜು. ಮೇಜಿಗೆ ಬಿಗಿದ ಒಂದು ಕಬ್ಬಿಣದ ಪ್ರೆಸ್ಸು, ಅದಕ್ಕೊಂದು ಉದ್ದನೆಯ ಹಿಡಿ. ನೋಡಿದರೆ ಸೇಮಿಗೆ ಒತ್ತುವ ಮಣೆಯ ತಮ್ಮನೇ ಪರದೇಶಕ್ಕೆ ಬಂದು ಕೆಲಸಕ್ಕೆ ಸೇರಿದ ಹಾಗೆ ಕಾಣುತ್ತಿತ್ತು. ಗೋಡೆಯಲ್ಲಿ ಹಮೂದರ ತೀರಿಹೋದ ತಂದೆಯ ಫೋಟೋ: ಬಿಳಿ ಗಡ್ಡ, ಮಡಿಲಲ್ಲಿ ಮಗುವಿನಂತೆ ಹಿಡಿದ ಒಂದು ಹಳೆಯ ಕೋವಿ.

ಪೂವಪ್ಪ ಪೆಟ್ಟಿಗೆ ತೆರೆದ. ನೂರು ಖಾಲಿ ತೋಟೆಗಳು, ಮದುಮಗಳ ಸರದ ಹಾಗೆ ಫಳಫಳ. ಅವಕ್ಕೆ ಮದ್ದು ತುಂಬುವುದೆಲ್ಲ ಕ್ಯಾಪ್ಟನರದೇ ಕೆಲಸ. ಮದ್ದಿನ ಕಪಾಟಿನ ಕೀಲಿಯೂ ಅವರ ಸೊಂಟದಲ್ಲೇ. ಇವನ ಪಾಲಿಗೆ ಬಂದದ್ದು ಬರಿಯ ಹಿತ್ತಾಳೆ. ಹೊಸದಾದರೂ ಹಡಗಿನಲ್ಲಿ ಒಂದಕ್ಕೊಂದು ತಾಗಿ ಅವುಗಳ ಬಾಯಿ ಸೊಟ್ಟಗಾಗಿರುತ್ತದೆ. ಡೈ ಎಂಬ ಉಕ್ಕಿನ ಅಚ್ಚನ್ನು ಪ್ರೆಸ್ಸಿಗೆ ಸಿಕ್ಕಿಸಿ, ಒಂದೊಂದೇ ಕೇಸನ್ನು ಕೆಳಗಿನಿಂದ ಅದರೊಳಗೆ ಒತ್ತಿ ತೆಗೆದರೆ ಬಾಯಿ ದುಂಡಗಾಗಿ ಕೊರಳು ಅಳತೆಗೆ ಬರುತ್ತದೆ. ಗುಲ್ಜಾರ್ ಮಾಡುವುದನ್ನು ಪೂವಪ್ಪ ಬಾಗಿಲ ಸಂದಿನಿಂದ ನೋಡಿದ್ದ. ಬಾಗಿಲ ಸಂದಿನಿಂದ ನೋಡಿದವನಿಗೆ ಇಡೀ ಮನೆ ಕಂಡ ಧೈರ್ಯ ಇರುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಪಾಟಿನಲ್ಲಿ ಡೈಗಳ ಡಬ್ಬಿಗಳು ಸಾಲಾಗಿದ್ದವು. ಪೆಟ್ಟಿಗೆಯ ಮೇಲೆ 308 ಎಂದಿತ್ತು. ಒಂದು ಕೆಂಪು ಡಬ್ಬಿಯ ಮೇಲೂ 308. ‘ಇಷ್ಟೇ ಅಲ್ಲವಾ ವಿದ್ಯೆ’ ಎಂದುಕೊಂಡು ಕೆಂಪು ಡಬ್ಬಿಯ ಡೈ ತಿರುಗಿಸಿ ಬಿಗಿದ.

ಅಷ್ಟರಲ್ಲಿ ಅಕೌಂಟ್ಸ್‌ನ ಎಡ್ಮಂಡ್ ಪೊರ್ಬುಗಳು ಕನ್ನಡಕ ಹಣೆಗೇರಿಸಿಕೊಂಡು ಬಂದರು. ಊರು ಉಡುಪಿ ಹತ್ತಿರದ ಶಿರ್ವ; ಊರ ಕಡೆ ಕ್ರಿಸ್ತರಿಗೆ ‘ಪೊರ್ಬುಗಳು’ ಎಂದೇ ಮರ್ಯಾದೆಯ ಹೆಸರು. ತನಗೆ ಸಂಬಂಧ ಇಲ್ಲದ ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿ ಅವರು ಇರುತ್ತಿದ್ದರು.

“ಎಂತ ಪೂವಪ್ಪ, ಉಸ್ತಾದ್ ಆಗಿಬಿಟ್ಟಿಯಾ?”

“ಆಗುವುದೆಂತ ಪೊರ್ಬುಗಳೇ, ಹುಟ್ಟಿದ್ದೇ ಹಾಗೆ.”

“ಅಲ್ಲ ಮಾರಾಯ, ಗುಲ್ಜಾರ್ ಇದಕ್ಕೆ ಎಂತದೋ ಜಾರುವುದು ಹಚ್ಚುತ್ತಾನೆ. ಒಣ ಹಾಕುವುದಿಲ್ಲ.”

“ಅದು ಹಳೆಯ ಹಿತ್ತಾಳೆಗೆ. ಹೊಸ ಚೊಂಬಿಗೆ ಯಾರಾದರೂ ಎಣ್ಣೆ ಹಚ್ಚುತ್ತಾರಾ?”

ಮೊದಲ ಕೇಸು ಇಟ್ಟು ಹಿಡಿ ಒತ್ತಿದ. ಕ್ರೀಂಯ್ ಎಂದು ಒಂದು ಸದ್ದು. ಕೇಸು ಒಳಗೆ ಹೋಯಿತು. ಪೂವಪ್ಪ ಪೊರ್ಬುಗಳ ಮುಖ ನೋಡಿ ಹುಬ್ಬು ಹಾರಿಸಿದ. ಹಿಡಿ ವಾಪಸು ಎತ್ತಿದ. ಹಿಡಿ ಬರಲಿಲ್ಲ. ಅಳಿಯ ಮಾವನ ಮನೆಗೆ ಹೊಕ್ಕ ಹಾಗೆ, ಒಳಗೆ ಹೋದದ್ದಕ್ಕೆ ಹೊರಗೆ ಬರುವ ಮನಸ್ಸೇ ಇರಲಿಲ್ಲ.

“ಸಿನಾನ್! ಏ ಸಿನಾನ್! ಒಂಚೂರು ಬಾ ಮಾರಾಯ!”

ಕ್ಯಾಂಟೀನಿನ ಅಡುಗೆಯ ಸಿನಾನ್ ಬಂದ. ಉಳ್ಳಾಲದ ಬ್ಯಾರಿ, ಎರಡು ಆಳಿನ ತೂಕ. “ಪೂವಪ್ಪಣ್ಣ, ಇದೆಂತ, ಚಕ್ಕುಲಿ ಸಿಕ್ಕಿಕೊಂಡಿತಾ?” ಎನ್ನುತ್ತ ಎರಡೂ ಕೈಯಲ್ಲಿ ಹಿಡಿಯನ್ನು ಮೇಲಕ್ಕೆ ಜಗ್ಗಿದ. ಕಟ್ ಎಂದಿತು. ಹಿಡಿ ಮೇಲೆ ಬಂತು, ಸಿನಾನ್ ಕೆಳಗೆ ಹೋದ. ಕೇಸಿನ ಬುಡದ ಅಂಚು ಹರಿದು ಕೈಗೆ ಬಂದಿತ್ತು. ಉಳಿದ ದೇಹ ಡೈಯ ಒಳಗೇ, ಬಾವಿಗೆ ಬಿದ್ದ ಕೊಡದ ಹಾಗೆ ಸ್ಥಿರವಾಗಿತ್ತು.

“ಖಲಾಸ್,” ಎಂದ ಸಿನಾನ್, ಕೂತಲ್ಲಿಂದಲೇ.

“ನಾನು ಹೇಳಲಿಲ್ಲವಾ?” ಎಂದರು ಪೊರ್ಬುಗಳು. ಆ ವಾಕ್ಯ ಹೇಳಲಿಕ್ಕಾಗಿಯೇ ಅವರು ಬೆಳಗ್ಗಿನಿಂದ ಬದುಕಿದ್ದ ಹಾಗಿತ್ತು.

ಆಗಲೇ ಫೋನು.

“ಇವ್ರೇ, ಸಾಮಾನು ಎಲ್ಲ ಸಿಕ್ಕಿತಾ?” ವಾರಿಜಾಕ್ಷಿ. “ಎಳ್ಳೆಣ್ಣೆ ಮರೀಲಿಲ್ಲ ಅಲ್ವಾ? ಮೇಲಿನ ಮನೆ ದೂಮಪ್ಪಣ್ಣ ಕೇಳ್ತಾ ಇದ್ರು, ಪೂವಪ್ಪ ಹೊತ್ತಿಗೆ ಬರ್ತಾನಾ ಅಂತ. ಬರ್ತಾರೆ ಅಂದೆ. ಪಾಪ, ಅವರೂ ಹೆಂಡತಿಯೂ ಇವತ್ತು ಉಪವಾಸ ಅಂತೆ.”

“ಅವನಿಗೆ ಯಾಕೆ ಉಪವಾಸ? ಪೂಜೆ ನಮ್ಮದಲ್ವಾ?”

“ಭಕ್ತಿಗೆ ಯಾರ ಮನೆಯಾದ್ರೇನು? ನೀವು ಬೇಗ ಬನ್ನಿ ಅಷ್ಟೇ.”

ದೂಮಪ್ಪ ಯಾವುದೋ ಗೋದಾಮಿನಲ್ಲಿ ರಾತ್ರಿ ಪಾಳಿಯವನು. ಹಗಲಿಡೀ ಬಿಡುವು ಇದ್ದುದರಿಂದ ಇಡೀ ಕಟ್ಟಡದಲ್ಲಿ ಯಾರ ಕುಕ್ಕರು ಎಷ್ಟು ಸಲ ಕೂಗಿತು ಎಂಬುದು ಅವನಿಗೆ ಬಾಯಿಪಾಠ. ಅವನು ಜಂಬದಿಂದ ‘ಎಂತ ಪೂವಪ್ಪ, ಪೂಜೆ ನಿನ್ನದು, ಮಂಗಳಾರತಿಗೆ ಬಂದಿಯಾ?’ ಎನ್ನುವುದು ಪೂವಪ್ಪನ ಕಿವಿಯಲ್ಲಿ ಈಗಲೇ ಕೇಳಿಸಿತು. ಇಲ್ಲ. ಅದೊಂದು ಆಗಕೂಡದು.

ಕಷ್ಟಕಾಲದಲ್ಲಿ ಮನುಷ್ಯನಿಗೆ ಗುರು ನೆನಪಾಗುತ್ತಾನೆ. ಪೂವಪ್ಪನಿಗೆ ವಿಟ್ಲದ ಮಾವ ನೆನಪಾದರು. ಮಾವ ಬಳೆ ತೊಡಿಸುವುದೆಂದರೆ ಒಂದು ಕಲೆ. ಹೆಂಗಸಿನ ಕೈ ಹಿಡಿದು ನೋಡಿ, ಎರಡು-ಎಂಟು ಎಂದು ಅಳತೆ ಹೇಳಿ, ಕಟ್ಟಿನಿಂದ ತೆಗೆಯುವುದು ಮಾತ್ರ ಎರಡು-ಆರು. ‘ಪೂವಪ್ಪಾ, ನೆನಪಿಟ್ಟುಕೋ. ಬಳೆಗಾರ ಯಾವತ್ತೂ ಒಂದು ಅಳತೆ ಸಣ್ಣದೇ ತೊಡಿಸಬೇಕು. ದೊಡ್ಡದು ತೊಡಿಸಿದರೆ ಜಾರಿ ಬಿದ್ದು ಒಡೆಯುತ್ತದೆ, ನಮಗೆ ಶಾಪ. ಸಣ್ಣದು ಕೈಯಲ್ಲಿ ಹೂವಿನ ಹಾಗೆ ಕೂರುತ್ತದೆ. ನಾಲ್ಕು ಬೊಟ್ಟು ಎಣ್ಣೆ ಹಾಕು, ಬೆರಳು ಮಡಚು, ಒತ್ತು.’

ಪೂವಪ್ಪ ಕಪಾಟಿನ ಕಡೆ ತಿರುಗಿದ. ಕೆಂಪು ಡಬ್ಬಿಯ ಪಕ್ಕ ಧೂಳು ಹಿಡಿದ ಒಂದು ಹಸಿರು ಡಬ್ಬಿ. ಮೇಲೆ 243. ಡೈ ತೆಗೆದು ಕೇಸಿನ ಪಕ್ಕ ಹಿಡಿದು ನೋಡಿದ. ಮೈ ಅದೇ, ಭುಜ ಅದೇ, ಕೊರಳಿನ ಜಾಗ ಮಾತ್ರ ಕೊಂಚ ಸಪೂರ.

“ಸಿಕ್ಕಿತು! ಒಂದು ಅಳತೆ ಸಣ್ಣದು!”

“ನಂಬ್ರ ಬೇರೆ ಉಂಟಲ್ಲ ಮಾರಾಯ,” ಎಂದರು ಪೊರ್ಬುಗಳು.

“ನಿಮಗೆ ಬಳೆಯ ವಿಷಯ ಗೊತ್ತಿಲ್ಲ ಪೊರ್ಬುಗಳೇ. ಲೆಕ್ಕದ ನಂಬ್ರ ಬೇರೆ, ತೊಡಿಸುವ ನಂಬ್ರ ಬೇರೆ. ಇದನ್ನು ಯಾಕೆ ಧೂಳು ತಿನ್ನಿಸಿ ಇಟ್ಟಿದ್ದಾರೋ!”

“ಕ್ಯಾಪ್ಟನರ ಅಪ್ಪನ ಕಾಲದ್ದಂತೆ. ಆ ಫೋಟೋದ ಕೋವಿ ಉಂಟಲ್ಲ, ಅದು ಈಗ ಸ್ಟ್ರಾಂಗ್‌ರೂಮಿನಲ್ಲಿ ಸುಮ್ಮನೆ ನಿಂತಿದೆ. ತೋಟೆ ಎಲ್ಲೂ ಸಿಗುವುದಿಲ್ಲವಂತೆ. ಅದಕ್ಕೂ ನಿನ್ನ ಹಾಗೆ ಉಪವಾಸ.” ಪೊರ್ಬುಗಳು ತಮ್ಮ ತಮಾಷೆಗೆ ತಾವೇ ನಕ್ಕರು. ಪೂವಪ್ಪ ನಗಲಿಲ್ಲ. ಹಸಿದವನಿಗೆ ಉಪವಾಸದ ತಮಾಷೆ ಹಿಡಿಸುವುದಿಲ್ಲ.

ಇನ್ನು ಎಣ್ಣೆ. ಗುಲ್ಜಾರನ ಜಾರುವ ಮುಲಾಮು ಅವನ ಡ್ರಾಯರಿನಲ್ಲಿ, ಡ್ರಾಯರಿನ ಕೀಲಿ ಪೇಶಾವರದಲ್ಲಿ. ಪೂವಪ್ಪ ಪೂಜೆಯ ಚೀಲ ನೋಡಿದ. ಚೀಲ ಅವನನ್ನು ನೋಡಿತು. ‘ದೇವರೇ, ನಿನ್ನ ಪೂಜೆಗೆ ಬರಲಿಕ್ಕಾಗಿಯೇ ನಿನ್ನ ಎಣ್ಣೆ’ ಎಂದು ಮನಸ್ಸಿನಲ್ಲೇ ಕೈಮುಗಿದು ಬಾಟಲಿಯ ಮುಚ್ಚಳ ತೆರೆದ.

ಎರಡನೆಯ ಕೇಸಿಗೆ ಎಳೆಮಗುವಿಗೆ ಹಚ್ಚುವಂತೆ ಎಣ್ಣೆ ಹಚ್ಚಿ ಒತ್ತಿದ. ಸುಂಯ್ ಎಂದು ಒಳಗೆ, ಸುಂಯ್ ಎಂದು ಹೊರಗೆ. ಕೊರಳು ಸಪೂರವಾಗಿ, ಬಾಯಿ ದುಂಡಗಾಗಿ, ಕೇಸು ಹೂಜಿಯಂತೆ ಚಂದ ಕಂಡಿತು.

“ನೋಡಿ! ಹೂವಿನ ಹಾಗೆ!”

“ಹೂವಿನ ಗಲ್ಲದಲ್ಲಿ ಗುಳಿ ಬಿದ್ದಿದೆ,” ಎಂದರು ಪೊರ್ಬುಗಳು ಕನ್ನಡಕ ಇಳಿಸಿ. ಎಣ್ಣೆ ಹೆಚ್ಚಾದರೆ ಡೈಯ ಒಳಗೆ ಅದಕ್ಕೆ ಹೋಗಲು ಜಾಗವಿಲ್ಲದೆ ಹಿತ್ತಾಳೆಯನ್ನೇ ಒಳಕ್ಕೆ ಒತ್ತಿಬಿಡುತ್ತದೆ. ಐದಾರು ಕೇಸುಗಳ ಭುಜ ಹೀಗೆ ತಗ್ಗಾದ ಮೇಲೆ ಪೂವಪ್ಪ ಎಣ್ಣೆಯ ಕೈ ಬಿಗಿ ಮಾಡಿದ. ಆಮೇಲೆ ಕೆಲಸ ಓಡಿತು. ಪೂವಪ್ಪ ಇಡುವುದು, ಸಿನಾನ್ ಒತ್ತುವುದು, ಪೊರ್ಬುಗಳು ‘ಇನ್ನೂ ಸ್ವಲ್ಪ’ ಎಂದು ಹೇಳುವುದು. ಮಧ್ಯಾಹ್ನದ ಬಾಂಗಿಗೆ ಸಿನಾನ್ ನಮಾಜಿಗೆ ಹೋಗಿ ಬರುವುದರೊಳಗೆ ಪೂವಪ್ಪ ಒಬ್ಬನೇ ಉಳಿದದ್ದನ್ನೂ ಮುಗಿಸಿಬಿಟ್ಟಿದ್ದ.

ಆದರೆ ಉಳಿದ ತೊಂಬತ್ತೊಂಬತ್ತೂ ಕೇಸು ಎಣ್ಣೆಯಲ್ಲಿ ಮಿಂದು ನಿಂತಿದ್ದವು. ಗುಲ್ಜಾರ್ ಕೇಸುಗಳನ್ನು ಒಂದು ತಿರುಗುವ ಡ್ರಮ್ಮಿಗೆ ಹಾಕಿ ಯಾವುದೋ ಕಾಯಿಯ ಸಿಪ್ಪೆಯ ತರಿಯ ಜೊತೆ ಉರುಳಿಸುತ್ತಿದ್ದ. ತರಿ ಹುಡುಕಿದರೆ ಗೋಣಿ ಖಾಲಿ.

“ತರಿ ಅಂದರೆ ಎಂತ ಪೂವಪ್ಪಣ್ಣ? ರವೆಯ ಹಾಗೆ ಇರುತ್ತದಲ್ಲ ಅದಾ?” ಎಂದ ಸಿನಾನ್. ಅವನದು ಅಡುಗೆಯವನ ಕಣ್ಣು. ಕೇಳಿದ್ದು ಸುಮ್ಮನೆ.

ಪೂವಪ್ಪ ಮತ್ತೆ ಚೀಲ ನೋಡಿದ. ಈ ಸಲ ಚೀಲ ಮುಖ ತಿರುಗಿಸಿಕೊಂಡ ಹಾಗೆ ಅನಿಸಿತು.

ಡ್ರಮ್ಮು ಹತ್ತು ಸುತ್ತು ತಿರುಗುವುದರೊಳಗೆ ಎಳ್ಳೆಣ್ಣೆಯೂ ರವೆಯೂ ಪೂರ್ವಜನ್ಮದ ಬಂಧುಗಳಂತೆ ಅಪ್ಪಿಕೊಂಡವು. ಮುಚ್ಚಳ ತೆಗೆದರೆ ಒಂದೊಂದು ಕೇಸಿನ ಹೊಟ್ಟೆಯಲ್ಲೂ ಸಜ್ಜಿಗೆ.

“ಇದಕ್ಕೆ ಒಗ್ಗರಣೆ ಒಂದು ಬಾಕಿ,” ಎಂದ ಸಿನಾನ್.

“ಬಾಯಿ ಮುಚ್ಚಿ ಬಿಸಿನೀರು ಕಾಯಿಸು!”

ಕ್ಯಾಂಟೀನಿನ ದೊಡ್ಡ ಪಾತ್ರೆಯಲ್ಲಿ ಬಿಸಿನೀರು, ಸಾಬೂನು, ಕೊನೆಗೆ ಕಲಶ ತಿಕ್ಕಬೇಕಿದ್ದ ಹುಳಿಯೂ ಬಂತು. ಮೂವರೂ ತೋಳು ಮಡಚಿ ಕೂತು ಹಬ್ಬದ ಮುಂಚಿನ ದಿನದ ಹೆಂಗಸರಂತೆ ಹಿತ್ತಾಳೆ ತಿಕ್ಕಿದರು. ಹುಳಿಗೆ ಹಿತ್ತಾಳೆ ನಗದೆ ಇರುವುದುಂಟೇ? ಕೇಸುಗಳು ಪೆಟ್ಟಿಗೆಯಿಂದ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಹೊಳೆದವು. ಪೊರ್ಬುಗಳೂ ಒಪ್ಪಿಕೊಂಡರು: “ಅದೊಂದು ಹೇಳುವ ಹಾಗಿಲ್ಲ ಮಾರಾಯ. ನಮ್ಮ ಇಗರ್ಜಿಯ ಮೇಣದಬತ್ತಿ ಸ್ಟ್ಯಾಂಡನ್ನು ನಿನಗೇ ಕೊಡಬೇಕು.”

ಒಣಗಿಸಲು ಒಮಾನಿನ ಬಿಸಿಲಿಗಿಂತ ದೊಡ್ಡ ಯಂತ್ರ ಯಾವುದು? ಪೂವಪ್ಪ ತನ್ನ ಕಾರಿನ ಬಾನೆಟ್ಟಿನ ಮೇಲೆ ಬಾಳೆಲೆ ಹಾಸಿದ. ಹಪ್ಪಳ ಸಂಡಿಗೆಯಂತೆ ಕೇಸುಗಳನ್ನು ಅದರ ಮೇಲೆ ಹರಡಿ ನೆರಳಿಗೆ ಬಂದು ಕೂತ. ಎಲ್ಲವೂ ಮುಗಿದಿತ್ತು. ಎಣ್ಣೆ, ರವೆ, ಹುಳಿ ದಾರಿಯಲ್ಲಿ ಮತ್ತೆ ತೆಗೆದರಾಯಿತು. ಹಸಿವಿನ ಮೇಲೆ ಬಂದ ಸಮಾಧಾನ, ಕಣ್ಣು ಎಳೆಯಿತು.

“ಪೂವಪ್ಪಣ್ಣಾ! ಆಡು! ಆಡು!”

ಗುಡ್ಡದಿಂದಿಳಿದ ಒಂದು ಆಡು ಮುಂಗಾಲುಗಳನ್ನು ಬಂಪರಿನ ಮೇಲಿಟ್ಟು ನಿಂತಿತ್ತು. ಆ ಆಡಿನ ಏಳು ತಲೆಮಾರು ಮುಳ್ಳಿನ ಗಿಡ ಬಿಟ್ಟು ಬೇರೆ ತಿಂದದ್ದಿಲ್ಲ. ಇವತ್ತು ಅದಕ್ಕೆ ಬಾಳೆಲೆಯ ದರ್ಶನವಾಗಿತ್ತು. ಪೂವಪ್ಪ ಎದ್ದು ‘ಹೇಯ್’ ಎನ್ನುವುದರೊಳಗೆ ಅದು ಎಲೆಯ ತುದಿ ಕಚ್ಚಿ ಒಂದು ಎಳೆತ ಎಳೆಯಿತು. ತೊಂಬತ್ತೊಂಬತ್ತು ಹಿತ್ತಾಳೆ ಕೇಸು ಜಲ್ಲನೆ ಮರಳಿಗೆ ಸುರಿದವು. ಆಡು ಹಸಿರು ಜರಿಯ ಸೆರಗಿನಂತೆ ಎಲೆಯನ್ನು ಎಳೆದುಕೊಂಡು ಗುಡ್ಡ ಹತ್ತಿತು. ಮೂವರೂ ಮಂಡಿಯೂರಿ ಮರಳು ಸೋಸಿ ಕೇಸು ಹೆಕ್ಕಿದರು. ಮತ್ತೆ ಒರೆಸಿ, ಊದಿ, ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸುವುದಕ್ಕೂ ಕ್ಯಾಪ್ಟನರ ಜೀಪು ಗೇಟಿನೊಳಗೆ ಬರುವುದಕ್ಕೂ ಸರಿಹೋಯಿತು.

ಹಮೂದರು ವರ್ಕ್‌ಶಾಪಿನ ಮೇಜಿನ ಮುಂದೆ ಕೂತರು. ಒಂದು ಕೇಸು ಎತ್ತಿ ಬೆಳಕಿಗೆ ಹಿಡಿದರು. ಮೂಸಿದರು. ಹುಬ್ಬು ಮೇಲೆ ಹೋಯಿತು. ಆಮೇಲೆ ಡಬ್ಬಿಯಿಂದ ಒಂದು ತಾಮ್ರದ ಬಣ್ಣದ ಗುಂಡು ತೆಗೆದು ಕೇಸಿನ ಬಾಯಿಗೆ ಇಟ್ಟರು.

ಗುಂಡು ಒಳಗೆ ಇಳಿಯಲಿಲ್ಲ. ಕಲಶದ ಮೇಲೆ ತೆಂಗಿನಕಾಯಿ ಕೂತ ಹಾಗೆ ಬಾಯಿಯ ಮೇಲೇ ಕೂತಿತು.

ಇನ್ನೊಂದು ಕೇಸು. ಇನ್ನೊಂದು ಕಲಶ. ಮೇಜಿನ ಮೇಲೆ ನಾಲ್ಕು ಕಲಶ ಪ್ರತಿಷ್ಠೆಯಾಗುವುದರೊಳಗೆ ಪೊರ್ಬುಗಳು ತಿಂಗಳ ಕೊನೆಯ ಲೆಕ್ಕ ನೆನಪಾಗಿ ಎದ್ದುಹೋದರು. ಸಿನಾನಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು.

ಹಮೂದರು ಪ್ರೆಸ್ಸಿನ ಕಡೆ ನೋಡಿದರು. ಪಕ್ಕದಲ್ಲಿ ಬಾಯ್ತೆರೆದ ಹಸಿರು ಡಬ್ಬಿ. ಅದನ್ನು ಎತ್ತಿಕೊಂಡು ಮೇಲಿನ ಧೂಳು ಬೆರಳಿನಿಂದ ಒರೆಸಿ ನಂಬ್ರ ಓದಿದರು.

ಪೂವಪ್ಪನಿಗೆ ಆಗ ಎಲ್ಲವೂ ತಿಳಿಯಿತು. ಹೆಂಗಸಿನ ಕೈ ಬಳೆಯೊಳಗೆ ಹೋಗುತ್ತದೆ, ಬಳೆ ಕಳಚಿದರೆ ಕೈ ಮೊದಲಿನಷ್ಟೇ ಇರುತ್ತದೆ. ಹಿತ್ತಾಳೆ ಹಾಗಲ್ಲ. ಸಪೂರ ಮಾಡಿದರೆ ಸಪೂರವೇ. ಮಾವ ಇದನ್ನು ಹೇಳಿರಲಿಲ್ಲ.

ಆಶ್ಚರ್ಯವೆಂದರೆ ಅವನ ಮನಸ್ಸು ಕೆರೆಯ ನೀರಿನಂತೆ ತಿಳಿಯಾಯಿತು. ಇನ್ನೇನು? ಬೈಯುತ್ತಾರೆ, ಹೊರಗೆ ನಡೆ ಎನ್ನುತ್ತಾರೆ. ಹೊರಗೆ ನಡೆದರೆ ಕಾರು, ಕಾರು ಹತ್ತಿದರೆ ಮನೆ, ಮನೆಯಲ್ಲಿ ಪೂಜೆ. ಅಸರ್ ಬಾಂಗು ಇನ್ನೂ ಆಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಮಣೆಯ ಮೇಲೆ ಕೂರಬಹುದು. ಕೆಲಸ ಹೋದರೆ ದಿನಾ ದೀಪ ಹಚ್ಚುವ ಹೊತ್ತಿಗೂ ಮನೆಯಲ್ಲೇ! ಹರಕೆ ಸಲ್ಲುವ ಮೊದಲೇ ದೇವರು ಕಣ್ಣು ಬಿಟ್ಟ. ಪೂವಪ್ಪ ನಿಜ ಹೇಳಿಬಿಡಲು ಬಾಯಿ ತೆರೆದ.

“ಕ್ಯಾಪ್ಟನ್, ನಾನು…”

ಹಮೂದರು ಕೈಯೆತ್ತಿ ತಡೆದರು. ಸ್ಟ್ರಾಂಗ್‌ರೂಮಿಗೆ ಹೋದರು. ತಿರುಗಿ ಬರುವಾಗ ತೋಳಿನಲ್ಲಿ ಫೋಟೋದ ಕೋವಿ. ಒಂದು ಖಾಲಿ ಕೇಸನ್ನು ಅದರೊಳಗಿಟ್ಟು ಬೋಲ್ಟು ಮುಚ್ಚಿದರು. ಟಕ್. ತಾಯಿ ಮಗುವಿನ ಬಾಯಿಗೆ ತುತ್ತಿಟ್ಟಷ್ಟು ಮೆತ್ತಗಿನ ಸದ್ದು.

“ಬೂವಬ್ಬ,” ಹಮೂದರು ಕೋವಿಯ ಮೈ ಸವರಿದರು. “ಅಪ್ಪ ಹೋದಾಗಿನಿಂದ ದುಬೈಗೆ ಕೇಳಿದೆ, ಲಂಡನಿಗೆ ಬರೆದೆ. ಈ ಕೋವಿಗೆ ಹಿತ್ತಾಳೆ ಇಲ್ಲ ಎಂದರು ಎಲ್ಲರೂ. ದೊಡ್ಡ ಕೊರಳಿನ ಕೇಸನ್ನೇ ಈ ಡೈಗೆ ಹಾಕಿ ಸಣ್ಣದು ಮಾಡಿಕೊಳ್ಳಬಹುದು ಎಂದು ನನ್ನ ಕಪಾಟಿನಲ್ಲೇ ಉತ್ತರ ಇತ್ತು, ನನಗೆ ಹೊಳೆಯಲಿಲ್ಲ. ಗುಲ್ಜಾರನಿಗೂ ಹೊಳೆಯಲಿಲ್ಲ. ನೀನು ನನ್ನ ಮನಸ್ಸು ಓದಿದೆ. ನಿನಗೆ ಗೊತ್ತಿತ್ತು, ಅಲ್ಲವಾ?”

ಈಗ ಹೇಳಿದ್ದರೂ ಆಗುತ್ತಿತ್ತು. ಸತ್ಯದ ಹೆಸರನ್ನೇ ಹೊತ್ತ ದೇವರ ಪೂಜೆಯ ದಿನ, ‘ಇಲ್ಲ ಕ್ಯಾಪ್ಟನ್, ನಾನು ಬಳೆಯ ಲೆಕ್ಕದಲ್ಲಿ ತಪ್ಪಿದೆ’ ಎಂಬ ಒಂದೇ ಮಾತು. ಆದರೆ ಕ್ಯಾಪ್ಟನರ ಕಣ್ಣಲ್ಲಿ ನೀರಿತ್ತು. ಬಾಗಿಲಲ್ಲಿ ಪೊರ್ಬುಗಳೂ ಸಿನಾನೂ ವಾಪಸಾಗಿ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. ಪೂವಪ್ಪನ ಎದೆ ತಾನಾಗಿ ಉಬ್ಬಿತು.

“ಮಾಫಿ ಮುಷ್ಕಿಲ್,” ಎಂದ.

ಬೆಳಗ್ಗಿನಿಂದ ಒಂದು ತೊಟ್ಟು ನೀರೂ ಇಳಿಯದ ಗಂಟಲಿನಲ್ಲಿ ಅವನು ನುಂಗಿದ್ದು ಆ ಸತ್ಯವೊಂದನ್ನೇ.

ಹಮೂದರು ಅವನ ಹಣೆಗೆ ಮುತ್ತಿಟ್ಟರು. “ಇವತ್ತಿನಿಂದ ಈ ವರ್ಕ್‌ಶಾಪು ನಿನ್ನದು. ಗುಲ್ಜಾರ್ ಬಂದು ನಿನ್ನ ಕೆಳಗೆ ಕಲಿಯಲಿ. ನಾಳೆ ಶುಕ್ರವಾರ, ಜುಮಾ, ಅಪ್ಪನ ಸ್ನೇಹಿತರೆಲ್ಲ ಬರುತ್ತಾರೆ. ಗುಳಿ ಬಿದ್ದವನ್ನು ಆಚೆ ಹಾಕು. ಇನ್ನೂ ಮೂರು ಪೆಟ್ಟಿಗೆ ಇದೆ, ಹೀಗೇ ಮಾಡು. ಇದೇ ಎಣ್ಣೆ, ಇದೇ ವಾಸನೆ! ಯಲ್ಲಾ, ಬೇಗ!”

“ಕ್ಯಾಪ್ಟನ್, ಪೂಜೆ…”

“ನಿನ್ನ ಮನೆಗೆ ನಾನೇ ಹೇಳುತ್ತೇನೆ.” ಪೂವಪ್ಪನ ಫೋನು ಕಸಿದುಕೊಂಡು ಹೇಳಿಯೂ ಬಿಟ್ಟರು: ನಿಮ್ಮ ಗಂಡ ಹೀರೋ, ಇವತ್ತಿನಿಂದ ದೊಡ್ಡ ಪೋಸ್ಟು, ಸಂಬಳ ಅದೇ, ಗೌರವ ಜಾಸ್ತಿ, ಇನ್ನು ಮೇಲೆ ದಿನಾ ಸಂಜೆ ಅವನಿಲ್ಲದೆ ಕ್ಲಬ್ಬು ನಡೆಯುವುದಿಲ್ಲ.

ಪೂವಪ್ಪ ಫೋನು ವಾಪಸು ಕಿವಿಗೆ ಹಿಡಿದ. “ದಿನಾ ಸಂಜೆಯಾ?” ಎಂದಳು ವಾರಿಜಾಕ್ಷಿ.

“ಹೌದು ಮಾರಾಯ್ತಿ.”

“ದೇವರಿಗೆ ನಾನು ಹೇಳಿದ್ದು ತಿರುಗಾಮುರುಗಾ ಆಗಿ ಕೇಳಿಸಿತೋ ಏನೋ.” ಅವಳು ನಿಟ್ಟುಸಿರು ಬಿಟ್ಟಳು. “ಭಟ್ರು ಹೊರಟಾಗಿದೆ, ಈಗ ನಿಲ್ಲಿಸಲಿಕ್ಕೆ ಆಗುವುದಿಲ್ಲ. ಹರಕೆ ಬಾಕಿ ಇಡಬಾರದು. ದೂಮಪ್ಪಣ್ಣನೂ ಹೆಂಡತಿಯೂ ಹೇಗೂ ಉಪವಾಸ ಇದ್ದಾರೆ, ಅವರನ್ನೇ ಮಣೆಯಲ್ಲಿ ಕೂರಿಸುತ್ತೇನೆ. ಸಾಮಾನು ಅವರೇ ತರ್ತಾರಂತೆ.”

ಅಸರ್ ಬಾಂಗು ಆಯಿತು. ಪೂವಪ್ಪ ಮೂರನೆಯ ಪೆಟ್ಟಿಗೆ ಒಡೆಯುವಾಗ ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಿದ್ದ. ಕ್ಯಾಪ್ಟನರು ತಾವೇ ಮದ್ದು ತುಂಬಿ, ಅಪ್ಪ ಬಿಟ್ಟುಹೋದ ಸಪೂರ ಗುಂಡು ಸಿಕ್ಕಿಸಿದ ತೋಟೆಗಳನ್ನು ತೆಗೆದುಕೊಂಡು ಮೈದಾನಕ್ಕೆ ಹೋಗಿದ್ದರು. ಹೊರಗೆ ಢಮ್ ಎಂದಿತು. ಗುಡ್ಡ ಒಮ್ಮೆ ಅದನ್ನು ತಿರುಗಿ ಹೇಳಿ ಸುಮ್ಮನಾಯಿತು. ಅಪ್ಪನ ಕೋವಿಯ ಉಪವಾಸ ಮುಗಿದಿತ್ತು.

ಫೋನು ಹೊಡೆದುಕೊಂಡಿತು. ದೂಮಪ್ಪ. ಬಾಯಲ್ಲಿ ಏನೋ ತುಂಬಿಕೊಂಡು ಮಾತಾಡುತ್ತಿದ್ದ.

“ಪೂವಪ್ಪಾ, ಪೂಜೆ ಭಾರೀ ಲಾಯ್ಕಾಯ್ತು ಮಾರಾಯ! ಭಟ್ರು ಸಂಕಲ್ಪಕ್ಕೆ ಹೆಸರು ಕೇಳಿದರು, ಮಣೆಯಲ್ಲಿ ಕೂತವರದ್ದೇ ಹೇಳಬೇಕಂತೆ, ನನ್ನದೇ ಹೇಳಿದೆ. ‘ದೀಪ ಹಚ್ಚುವ ಹೊತ್ತಿಗೆ ದಿನಾ ಮನೆಯಲ್ಲಿರುವ ಹಾಗಾಗಲಿ’ ಅಂತ ವಾರಿಜಕ್ಕ ಹೇಳಿಕೊಟ್ಟದ್ದನ್ನೇ ಬೇಡಿಕೊಂಡೆ. ನಂಬುವುದಿಲ್ಲ ನೀನು. ಮಂಗಳಾರತಿ ತೆಗೆದುಕೊಳ್ಳುವಾಗ ಕಂಪನಿಯಿಂದ ಮೆಸೇಜು! ಭಾನುವಾರದಿಂದ ನನಗೆ ಹಗಲು ಪಾಳಿ! ಸಂಜೆ ನಾಲ್ಕಕ್ಕೇ ಬಿಡುವು! ದೇವರು ಉಂಟು ಮಾರಾಯ!”

“ಉಂಟು,” ಎಂದ ಪೂವಪ್ಪ. ಅದರಲ್ಲಿ ಅವನಿಗೆ ಸಂಶಯವಿರಲಿಲ್ಲ. ವಿಳಾಸದ ವಿಷಯದಲ್ಲಿ ಮಾತ್ರ ಸಂಶಯವಿತ್ತು.

“ಪ್ರಸಾದ ನಿನಗೆ ಇಡುತ್ತೇವೆ ಅಂತಿದ್ದರು ವಾರಿಜಕ್ಕ. ಚೂರು ಉಳಿದರೆ.”

ಬಾಗಿಲು ತೆರೆಯಿತು. ಹಮೂದರು ನಗುತ್ತ ಬಂದರು. ಹಿಂದೆ ಸಿನಾನ್, ಎರಡೂ ಕೈಯಲ್ಲಿ ಹಿಡಿದ ದೊಡ್ಡ ಹರಿವಾಣ. ಅದರಲ್ಲಿ ಅನ್ನದ ಗುಡ್ಡ, ಗುಡ್ಡದ ಮೇಲೆ ಇಡೀ ಆಡಿನ ತೊಡೆ, ಮೇಲೆ ದ್ರಾಕ್ಷಿ ಗೋಡಂಬಿ. ಕೋಣೆಯೆಲ್ಲ ಏಲಕ್ಕಿ ತುಪ್ಪದ ಘಮ.

“ತಿನ್ನು ಬೂವಬ್ಬ! ನಿನಗಾಗಿಯೇ ಮಾಡಿಸಿದ್ದು!”

ಹುಣ್ಣಿಮೆಯ ವ್ರತ. ಕಣ್ಣಿಗೆ ಕಂಡ ಮಾಂಸ ಕೈಗೆ ಮುಟ್ಟುವ ಹಾಗಿಲ್ಲ. ಪೂವಪ್ಪ ತೊಡೆಯನ್ನು ನೋಡಿದ, ಸಿನಾನ್ ಪೂವಪ್ಪನನ್ನು ನೋಡಿದ. ಕಿಟಕಿಯ ಹೊರಗೆ ಬಾಳೆಲೆ ತಿಂದ ಆಡು ನಿಧಾನವಾಗಿ ಮೆಲುಕು ಹಾಕುತ್ತ ಒಳಗೆ ಇಣುಕುತ್ತಿತ್ತು.

“ಯಾಕೆ? ಏನು ಮುಷ್ಕಿಲ್?” ಎಂದರು ಹಮೂದರು.

ಪೂವಪ್ಪ ಬಾಯಿ ತೆರೆದ. ಈ ಸಲ ಆ ಎರಡು ಮಾತು ಬರಲಿಲ್ಲ.